ಎಡಪಕ್ಕದ ಸೇನಾಪತಿ

“ಎಲೈ ಚೆಂಡೇ!” ಸಂಕಪ್ಪ ಸೋಫಾದಲ್ಲಿ ಕೂತಲ್ಲೇ ಗುಡುಗಿದ. “ನಿನ್ನನ್ನು ಎಸೆದವನು ಯಾರೆಂದು ಈ ವರ್ನನ್ ಟಲ್ಲಿ ಕೇಳಲಾರ. ಎಲ್ಲಿ ಬೀಳಬೇಕೆಂದು ಮಾತ್ರ ಹೇಳುತ್ತೇನೆ, ಕೇಳು. ಏಳು ಸಮುದ್ರದ ಆಚೆ ಮದೀನತ್ ಖಲೀಫಾ ಎಂಬ ಪಟ್ಟಣವುಂಟು. ಅಲ್ಲಿ ಜಾಬಿರನ ಮನೆಯ ಟೆರೇಸಿನಲ್ಲಿ ಹಸೀನಾ ಒಣಗಲಿಕ್ಕೆ ಹಾಕಿದ ಹಪ್ಪಳದ ಮೇಲೆ ಹೋಗಿ ಬೀಳು!”

“ನನ್ನ ಹಪ್ಪಳದ ಸುದ್ದಿಗೆ ಬರ್ಬೇಡಿ ಸಂಕಪ್ಪಣ್ಣ,” ಅಡುಗೆಕೋಣೆಯಿಂದ ಹಸೀನಾ ಕೂಗಿದಳು. “ನಿಮ್ಮ ಟಲ್ಲಿ ಈ ವಾರ ಸೊನ್ನೆ ಸುತ್ತಿದ್ದಾನೆ. ಫ್ಯಾಕ್ಸಲ್ಲೇ ಉಂಟು.”

“ಅಮ್ಮಾ ತಾಯೀ, ಸಿಂಹ ಒಂದು ವಾರ ಉಪವಾಸ ಇದ್ದರೆ ಆಡಾಗುತ್ತದೆಯೇ?”

ಅವಳ ಗಂಡ ಜಾಬಿರ್ ನಗುವಿನಲ್ಲಿ ಗೋಳಿಬಜೆಯನ್ನು ಗಂಟಲಿಗೆ ಸಿಕ್ಕಿಸಿಕೊಂಡು ಕೆಮ್ಮಿದ.

ಈ ಆಟ ಕಲಿಸಿದವನು ಡೆನ್ನಿಸ್, ಸಂಕಪ್ಪನ ಕಂಪನಿಯ ಅಮೆರಿಕದ ಎಂಜಿನಿಯರು. ಅಲ್ಲಿ ನಿಜವಾಗಿ ಬೇಸ್‌ಬಾಲ್ ಆಡುವವರ ಹೆಸರುಗಳನ್ನು ಇಲ್ಲಿ ದೋಹಾದಲ್ಲಿ ಒಬ್ಬೊಬ್ಬರು ಆರಿಸಿ ತಂಡ ಕಟ್ಟುವುದು. ಅವರು ಅಲ್ಲಿ ಹೊಡೆದದ್ದು ಇಲ್ಲಿ ಇವರ ಅಂಕ. ವಾರಕ್ಕೊಮ್ಮೆ ಡೆನ್ನಿಸನ ತಮ್ಮ ಆಫೀಸಿಗೆ ಫ್ಯಾಕ್ಸ್ ಕಳಿಸುತ್ತಿದ್ದ. ಏಪ್ರಿಲಿನಲ್ಲಿ ಶುರುವಾದದ್ದು ಸೆಪ್ಟೆಂಬರಿಗೆ ಬಂದು ನಿಂತಿತ್ತು. ಹಸೀನಾ ಎಲ್ಲರಿಗಿಂತ ಮುಂದಿದ್ದಳು. ಆದರೆ ಈ ಆಟವನ್ನು ಇವರಲ್ಲಿ ಒಬ್ಬರೂ ಕಣ್ಣಾರೆ ಕಂಡವರಲ್ಲ.

ಕಾಣದ್ದನ್ನೆಲ್ಲ ಸಂಕಪ್ಪ ತುಂಬಿದ್ದ. ಊರಿನಲ್ಲಿ ಅವನಿಗೆ ತಾಳಮದ್ದಳೆಯ ಹುಚ್ಚು. ವೇಷವಿಲ್ಲ, ಕುಣಿತವಿಲ್ಲ, ಕೂತಲ್ಲೇ ಮಾತಿನಲ್ಲಿ ಯುದ್ಧ. ಅದರಲ್ಲಿ ಪಾತ್ರವಾಗಿ ಮಾತಾಡುವ ಹಿರಿಯ ಅರ್ಥಧಾರಿಗಳ ದನಿಯನ್ನು ಅವರ ಬೆನ್ನ ಹಿಂದೆಯೇ ಅನುಕರಿಸಿ ಬೈಸಿಕೊಂಡದ್ದರಿಂದ ಒಂದು ದಿನವೂ ಅವನಿಗೆ ಪಾತ್ರ ಸಿಕ್ಕಿರಲಿಲ್ಲ. ಇಲ್ಲಿ ರಜೆಯ ಶುಕ್ರವಾರದ ಮಧ್ಯಾಹ್ನಗಳಲ್ಲಿ ಸಿಕ್ಕಿತು. ಫ್ಯಾಕ್ಸಿನಲ್ಲಿ ‘ಬೇಸ್ ಕದ್ದ’ ಎಂದು ಬಂದರೆ ಅವನು ಬೆಣ್ಣೆ ಕದಿಯುವ ಕೃಷ್ಣನಾಗುತ್ತಿದ್ದ. ತನ್ನ ತಂಡಕ್ಕೆ ಆರಿಸಿಕೊಂಡ ಟಲ್ಲಿಯ ಹೆಸರಿನ ಮುಂದೆ ‘ಲೆಫ್ಟ್ ಫೀಲ್ಡ್’ ಎಂದಿದ್ದುದರಿಂದ ಅವನನ್ನು ಎಡಪಕ್ಕದ ಸೇನಾಪತಿ ಮಾಡಿದ್ದ: ಏಳಡಿ ಎತ್ತರ, ಹುರಿಮೀಸೆ, ಯುದ್ಧದಲ್ಲಿ ಎಲ್ಲರಿಗಿಂತ ಮುಂದೆ. ಆಫೀಸಿನಲ್ಲಿ ಆರು ದಿನ ‘ಎಸ್ ಸಾರ್, ಓಕೆ ಸಾರ್’ ಬಿಟ್ಟರೆ ಬಾಯಿಂದ ಬೇರೆ ಮಾತು ಹೊರಡದ ಸಂಕಪ್ಪನೂ ಈ ಸಂಕಪ್ಪನೂ ಒಬ್ಬನೇ ಎಂದರೆ ಡೆನ್ನಿಸ್ ನಂಬುತ್ತಿರಲಿಲ್ಲ.

ಬಾಗಿಲು ತಳ್ಳಿಕೊಂಡು ದುಗ್ಗು ಬಂದ. ಏಸಿ ಮೆಕ್ಯಾನಿಕ್, ಈ ಲೀಗಿನ ಕೊನೆಯ ಸ್ಥಾನ ಅವನಿಗೇ ಮೀಸಲು. ಕೈಯಲ್ಲಿ ಒಂದು ವಿಡಿಯೋ ಕ್ಯಾಸೆಟ್.

“ಡೆನ್ನಿಸ್ ಸಾಯ್ಬರ ಏಸಿ ರಿಪೇರಿ ಮಾಡ್ಲಿಕ್ಕೆ ಹೋಗಿದ್ದೆ. ಇದು ಕೊಟ್ರು. ಮ್ಯಾಚ್! ಅಸಲಿ ಮ್ಯಾಚ್ ಮಾರಾಯ್ರೆ, ಟಲ್ಲಿಯೂ ಇದ್ದಾನಂತೆ!”

ಸಂಕಪ್ಪ ಕ್ಯಾಸೆಟ್ಟನ್ನೇ ನೋಡಿದ. ಒಮ್ಮೆ ಕಣ್ಣಲ್ಲಿ ನೋಡಿದ ಮೇಲೆ ಕಿವಿಯಲ್ಲಿ ಕೇಳುವವರು ಯಾರು? ಮುಂದಿನ ಶುಕ್ರವಾರ ಈ ಸೋಫಾದಲ್ಲಿಯೂ ‘ಓಕೆ ಸಾರ್’ ಎಂದುಕೊಂಡು ಕೂರಬೇಕಾದೀತು.

“ಅದು ಅಮೆರಿಕದ ಕ್ಯಾಸೆಟ್. ನಮ್ಮ ವಿಸಿಆರ್‌ನಲ್ಲಿ ಓಡ್ಲಿಕ್ಕಿಲ್ಲ,” ಎಂದ ಮೆಲ್ಲಗೆ.

“ನಮ್ಮದು ಮಲ್ಟಿಸಿಸ್ಟಮ್!” ಜಾಬಿರ್ ಎದೆ ಉಬ್ಬಿಸಿದ. “ಯಾವ ದೇಶದ್ದು ಹಾಕಿದ್ರೂ ಓಡ್ತದೆ. ಯಲ್ಲಾ, ಕೊಡು.”

ಚಹಾದ ತಟ್ಟೆ ಹಿಡಿದು ಬಂದ ಹಸೀನಾ ಸಂಕಪ್ಪನ ಮುಖ ನೋಡಿದಳು. “ಇವತ್ತು ಬೇಡ ಬಿಡಿ. ಸಂಕಪ್ಪಣ್ಣ ಇನ್ನೂ ಹೇಳಿ ಮುಗಿಸ್ಲಿಲ್ಲ.”

ಅದೇ ಸಾಕಿತ್ತು ಅವನಿಗೆ. ಹೂಂ ಎಂದಿದ್ದರೆ ಕ್ಯಾಸೆಟ್ ಟಿವಿಯ ಮೇಲೆ ಧೂಳು ತಿನ್ನುತ್ತಿತ್ತು. ಆದರೆ ಅದರೊಳಗೆ ಟಲ್ಲಿ ಇದ್ದ. ಆರು ತಿಂಗಳು ತನ್ನ ನಾಲಗೆಯ ಮೇಲೆ ಸಂಸಾರ ಮಾಡಿದವನು.

“ಹಾಕು ಜಾಬಿರ್,” ಎಂದ.

ಪರದೆಯ ಮೇಲೆ ಗೆರೆಗಳು ಓಡಿ, ನಡುಗಿ, ಹಸಿರು ಹರಡಿತು. ದೋಹಾದಲ್ಲಿ ಅಷ್ಟು ಹಸಿರನ್ನು ಒಟ್ಟಿಗೆ ಕಂಡವರಿಲ್ಲ. ಒಬ್ಬ ಎಸೆದ. ಇನ್ನೊಬ್ಬ ಹೊಡೆಯಲಿಲ್ಲ. ಮತ್ತೆ ಎಸೆದ. ಮತ್ತೆ ಹೊಡೆಯಲಿಲ್ಲ. ಇಬ್ಬರೂ ಉಗುಳಿದರು.

“ಇದು ಬೇಸ್‌ಬಾಲ್ ಅಲ್ಲ ಮಾರಾಯ, ಬೇಸರ್‌ಬಾಲ್,” ದುಗ್ಗು ಆಕಳಿಸಿದ.

“ಟಲ್ಲಿ ಎಲ್ಲಿ?” ಜಾಬಿರ್ ಕೇಳಿದ.

ಬೆನ್ನ ಮೇಲಿನ ಹೆಸರು ಓದಿ ಮೊದಲು ಗುರುತು ಹಿಡಿದವಳು ಹಸೀನಾ. ಮುಂದೆಯಲ್ಲ, ಎಲ್ಲರಿಗಿಂತ ಹಿಂದೆ, ದೂರದಲ್ಲಿ, ಹುಲ್ಲಿನ ನಡುವೆ ಒಬ್ಬನೇ ನಿಂತಿದ್ದ. ಗಿಡ್ಡ ಆಳು. ಮೀಸೆಯಿಲ್ಲ. ಬೆಲ್ಟಿನ ಮೇಲೆ ಸಣ್ಣ ಹೊಟ್ಟೆ. ಟೋಪಿಯನ್ನು ಕಣ್ಣಿನವರೆಗೆ ಎಳೆದುಕೊಂಡು ಮಂಡಿಗೆ ಕೈಯೂರಿ ಬಗ್ಗಿದ, ಎದ್ದ, ಬಗ್ಗಿದ. ಚೆಂಡು ಅವನ ಕಡೆಗೆ ಬರಲೇ ಇಲ್ಲ. ಅವನು ಒಂದು ಹುಲ್ಲು ಕಿತ್ತು ಗಾಳಿಗೆ ಬಿಟ್ಟ.

“ಹೋ! ಸೇನಾಪತಿ ಹುಲ್ಲು ಕೀಳ್ತಿದ್ದಾನೆ! ಖಲಾಸ್!” ದುಗ್ಗು ತೊಡೆ ತಟ್ಟಿದ.

ಜಾಬಿರ್ ನಕ್ಕ. ಹಸೀನಾ ನಗಲಿಲ್ಲ. ರಿಮೋಟ್ ಎತ್ತಿ ಇಂಗ್ಲಿಷ್ ಕಾಮೆಂಟರಿಯ ಬಾಯಿ ಮುಚ್ಚಿಸಿದಳು. “ಹೇಳಿ ಸಂಕಪ್ಪಣ್ಣ.”

ಸಂಕಪ್ಪ ಬಾಯಿ ತೆರೆದ. ಗುಡುಗು ಬರಲಿಲ್ಲ. ಆ ಮನುಷ್ಯನಿಗೆ ಅದು ಹೊಂದುತ್ತಲೂ ಇರಲಿಲ್ಲ. ಬಂದದ್ದು ಬೇರೆಯೇ ದನಿ. ಶನಿವಾರ ಬೆಳಗ್ಗೆ ಆಫೀಸಿನ ಬಾಗಿಲಲ್ಲಿ ನಿಂತಾಗ ಅವನಿಗಿರುತ್ತಿದ್ದದ್ದು.

“ನನ್ನ ಕಡೆಗೆ ಯಾರೂ ಹೊಡೆಯುವುದಿಲ್ಲ. ಪರವಾಗಿಲ್ಲ, ನಿಂತಿರುತ್ತೇನೆ. ಅಲ್ಲಿ ಮುಂದೆ ಏನೋ ಮಾತಾಡಿಕೊಳ್ಳುತ್ತಾರೆ, ಇಲ್ಲಿಗೆ ಕೇಳಿಸುವುದಿಲ್ಲ. ಹುಲ್ಲು ತಂಪಾಗಿದೆ. ಗಾಳಿ ಯಾವ ಕಡೆ ಬೀಸುತ್ತಿದೆ ಎಂದು ನೋಡಿಟ್ಟುಕೊಂಡಿದ್ದೇನೆ. ಯಾರೂ ಕೇಳಿಲ್ಲ. ಕೇಳಿದರೆ ಹೇಳುತ್ತೇನೆ...”

ದುಗ್ಗುವಿನ ಕೈ ತೊಡೆಯ ಮೇಲೆಯೇ ಉಳಿಯಿತು. ಜಾಬಿರ್ ಕುರ್ಚಿಯಿಂದಿಳಿದು ಕಾರ್ಪೆಟ್ ಮೇಲೆ, ಪರದೆಗೆ ಇನ್ನಷ್ಟು ಹತ್ತಿರ ಹೋಗಿ ಕೂತ.

ದೂರದಲ್ಲಿ ಯಾರೋ ಬ್ಯಾಟು ಬೀಸಿದರು. ಕ್ಯಾಮೆರಾ ಸರಕ್ಕನೆ ಮೇಲಕ್ಕೆ ತಿರುಗಿತು. ಬರೀ ಆಕಾಶ, ಚೆಂಡು ಕಾಣಲಿಲ್ಲ. ಮತ್ತೆ ಟಲ್ಲಿ ಬಂದ. ಮುಖ ಮೇಲೆತ್ತಿ, ಒಂದು ಕೈ ಬಿಸಿಲಿಗೆ ಅಡ್ಡ ಹಿಡಿದು ಹಿಂದಕ್ಕೆ, ಹಿಂದಕ್ಕೆ ಹೆಜ್ಜೆ ಇಡುತ್ತಿದ್ದ. ಸಂಕಪ್ಪನ ಮಾತು ನಿಂತಿತು. ಕೋಣೆಯಲ್ಲಿ ನಾಲ್ವರೂ, ತಮಗೆ ಗೊತ್ತಿಲ್ಲದೆಯೇ, ಗದ್ದ ಎತ್ತಿ ಸೀಲಿಂಗಿನ ಕಡೆ ನೋಡುತ್ತಿದ್ದರು.