ಒಂಟೆ ಹಾಲಿನ ಪ್ರತಾಪ

ಪುತ್ತೂರಿನ ದರ್ಬೆಯ ಫ್ಲೆಕ್ಸ್ ಅಂಗಡಿಯಲ್ಲಿ ಡಿಸೈನ್ ಮಾಡುವ ಆಯಿಶತ್ ಶಿಫಾಳಿಗೆ ಆ ದಿನ ತನ್ನದೇ ಫೋಟೋದ ಪಕ್ಕ ಒಂದು ಒಂಟೆಯನ್ನು ನಿಲ್ಲಿಸಬೇಕಾಗಿ ಬಂತು. ಆರ್ಡರ್ ಕೊಟ್ಟವನು ದುಬೈಯಿಂದ ರಜೆಗೆ ಬಂದಿದ್ದ ಅವಳ ಸೋದರಮಾವ ಶಾನವಾಝ್. ‘ಒಂಟೆ ಹಾಲಿನಿಂದ ಆಟಿಸಂ ಗೆದ್ದ ಸುಳ್ಯದ ಕುವರಿ’ ಎಂದು ಮೇಲೆ ದಪ್ಪಕ್ಷರದಲ್ಲಿ ಬರಬೇಕಂತೆ. ಕುವರಿಯನ್ನು ಒಂದು ಮಾತು ಕೇಳಬೇಕೆಂದು ಯಾರಿಗೂ ಹೊಳೆದಿರಲಿಲ್ಲ. ಒಂಟೆಯನ್ನೂ ಕೇಳಿರಲಿಲ್ಲ, ಅದು ಬೇರೆ ಮಾತು.

ಎರಡು ವರ್ಷದ ಹಿಂದಿನವರೆಗೆ ಶಿಫಾಳನ್ನು ಸರಿಮಾಡಲು ಇಡೀ ಕುಟುಂಬ ಟೊಂಕ ಕಟ್ಟಿ ನಿಂತಿತ್ತು. ಮುಖ ನೋಡಿ ಮಾತಾಡು, ಕೈ ಅಲ್ಲಾಡಿಸಬೇಡ, ಜನ ಬಂದಾಗ ನಗು. ಮದುವೆ ಮನೆಯ ಗದ್ದಲಕ್ಕೆ ಅವಳು ಕಿವಿ ಮುಚ್ಚಿದರೆ ಕೈ ಎಳೆದು ಕೂರಿಸಲು ಇಬ್ಬರು ಅತ್ತೆಯಂದಿರು ಸದಾ ಸಿದ್ಧ. ಡಾಕ್ಟರು ಆಟಿಸಂ ಎಂದಾಗ ಶಿಫಾಳಿಗೆ ಆ ಶಬ್ದ ಹಿಡಿಸಿತ್ತು. ಅಲ್ಲಿಯವರೆಗೆ ಊರಿನವರು ಇಟ್ಟಿದ್ದ ಹೆಸರುಗಳಿಗಿಂತ ಅದು ಎಷ್ಟೋ ಮರ್ಯಾದೆಯದು. ಮನೆಯವರಿಗೆ ಮಾತ್ರ ಅದು ರೋಗವೆಂದೇ ಕೇಳಿಸಿತು. ರೋಗವೆಂದ ಮೇಲೆ ಮದ್ದು ಇರಲೇಬೇಕಲ್ಲ! ಶಾನವಾಝ್ ಡಬ್ಬಿಗಟ್ಟಲೆ ಒಂಟೆ ಹಾಲಿನ ಪುಡಿ ಕಳಿಸಿದ. ಜೊತೆಗೆ ಫೋನಿನಲ್ಲಿ ಅಪ್ಪಣೆಯೂ ಬಂತು: “ಮದ್ದು ನಾಟ್ಲಿಕ್ಕೆ ಟೈಮ್ ಬೇಕು. ಅಲ್ಲಿವರೆಗೆ ಯಾರೂ ಅವಳನ್ನು ಕೆಣಕ್ಲಿಕ್ಕಿಲ್ಲ.”

ಅವನ ಜನ್ಮದಲ್ಲಿ ಅವನಾಡಿದ ಒಂದೇ ಒಂದು ಒಳ್ಳೆಯ ಮಾತು ಅದು. ಮನೆ ತಣ್ಣಗಾಯಿತು. ಶಿಫಾ ಒಬ್ಬಳೇ ಕೂತು ಉಂಡರೂ ಯಾರೂ ಏನೂ ಅನ್ನಲಿಲ್ಲ. ಅವಳ ಉಮ್ಮ ಕದೀಜಮ್ಮ ಮಿಕ್ಸಿ ಹಾಕುವ ಮೊದಲು ಹೇಳಿ ಹಾಕತೊಡಗಿದರು. ಆ ನೆಮ್ಮದಿಯಲ್ಲಿ ಅವಳು ಕಂಪ್ಯೂಟರ್ ಕಲಿತಳು, ಕೆಲಸ ಹಿಡಿದಳು, ಸುಳ್ಯದಿಂದ ಪುತ್ತೂರಿಗೆ ಒಬ್ಬಳೇ ಬಸ್ಸು ಹತ್ತಿದಳು. ಊರೆಲ್ಲ ಒಂಟೆಯನ್ನು ಹೊಗಳಿತು. ಕೈ ಅಲ್ಲಾಡಿಸುವುದು, ಮಾತಾಡುವಾಗ ಗೋಡೆ ನೋಡುವುದು ಎಲ್ಲ ಹಾಗೆಯೇ ಇತ್ತು. ಆದರೆ ಗುಣವಾದವಳೆಂದು ತೀರ್ಮಾನವಾದ ಮೇಲೆ ಅದನ್ನೆಲ್ಲ ಯಾರು ಕಾಣುತ್ತಾರೆ?

ಆ ಹಾಲನ್ನು ಶಿಫಾ ಒಂದು ಗುಟುಕೂ ಕುಡಿದಿರಲಿಲ್ಲ. ಅದರ ವಾಸನೆ ಅವಳಿಗೆ ಆಗುತ್ತಿರಲಿಲ್ಲ, ಬಿಸಾಡಲು ಮನಸ್ಸೂ ಬರಲಿಲ್ಲ. ಮನೆಯಲ್ಲಿ ಚಹಾ ಮಾಡುವವಳು ಅವಳೇ. ಪುಡಿಯೆಲ್ಲ ಚಹಾಕ್ಕೆ ಬಿತ್ತು. ಚಹಾ ಈಗ ದಪ್ಪ ಬರುತ್ತದೆಂದು ಎಲ್ಲರೂ ಮೆಚ್ಚಿ ಕುಡಿದರು.

ಭಾನುವಾರ ಸುಳ್ಯದ ಮನೆಯ ಚಾವಡಿಯಲ್ಲಿ ಒಂಟೆಯ ಬ್ಯಾನರ್ ಏರಿತು. ಶಾನವಾಝ್ ಈಗ ಆ ಪುಡಿಯ ಏಜೆಂಟ್. ಇಂಥ ಮಕ್ಕಳ ತಾಯಂದಿರನ್ನೆಲ್ಲ ಕರೆಸಿ, ಡಬ್ಬಿಗಳನ್ನು ಜೋಡಿಸಿಟ್ಟು, ಸೋದರಸೊಸೆಯನ್ನು ಅವುಗಳ ಪಕ್ಕ ಕೂರಿಸಿದ್ದ. ಶಿಫಾ ಎಂದಿನಂತೆ ಚಹಾ ಮಾಡಿ ಕೊಟ್ಟು ಸುಮ್ಮನೆ ಕೂತಳು. ಬಾಯಿ ಬಿಟ್ಟರೆ ಎರಡು ವರ್ಷದ ನೆಮ್ಮದಿಗೆ ಕಲ್ಲು ಬೀಳುತ್ತದೆಂದು ಅವಳಿಗೆ ಗೊತ್ತಿತ್ತು. ಅವಳಿಗೆ ಭಯವಾಗಿತ್ತು.

ಮುಂದಿನ ಸಾಲಿನಲ್ಲಿ ನುಸ್ರತ್ ಎಂಬ ತಾಯಿ ತನ್ನ ಪುಟ್ಟ ಮಗನ ಗದ್ದ ಹಿಡಿದು ತಿರುಗಿಸಿ, “ಅಕ್ಕನ ಮುಖ ನೋಡು, ನೋಡು” ಎನ್ನುತ್ತಿದ್ದಳು. ಶಾನವಾಝ್ ಕೊಟ್ಟ ಸ್ಯಾಂಪಲ್ ಲೋಟವನ್ನು ಮಗು ತಳ್ಳಿತು. ನುಸ್ರತ್ ಅದರ ಮೂಗು ಒತ್ತಿ ಹಿಡಿದು ಬಾಯಿಗೆ ಹೊಯ್ದಳು. ಮಗು ಕೆಮ್ಮಿ ಕೆಮ್ಮಿ ಅತ್ತಿತು.

“ನಾನು ಅದನ್ನು ಕುಡೀಲೇ ಇಲ್ಲ,” ಎಂದಳು ಶಿಫಾ ಗೋಡೆಯ ಕಡೆ ನೋಡುತ್ತ. “ಎಲ್ಲ ಚಹಾಕ್ಕೆ ಹಾಕಿದ್ದು. ಉಮ್ಮ ಕುಡಿದಿದ್ದಾರೆ. ಈಗ ನೀವೂ ಕುಡಿದ್ರಿ. ಮಾಮ ಬಂದಾಗಿಂದ ಎರಡು ಹೊತ್ತೂ ಕುಡೀತಾ ಇದ್ದಾರೆ. ಬೇರೆಯವರನ್ನು ಕೇಳಿ ಮಾಡುದು ಅವರಿಗೆ ಇನ್ನೂ ಬರ್ಲಿಲ್ಲ.”

ಚಾವಡಿಯಲ್ಲಿ ಲೋಟಗಳು ಅರ್ಧದಲ್ಲೇ ನಿಂತವು. ಆದರೆ ವ್ಯಾಪಾರಿ ಎಂದಾದರೂ ಸೋತದ್ದುಂಟೇ? “ನೋಡಿ ಮಾರಾಯ್ರೆ!” ಎಂದ ಶಾನವಾಝ್. “ಇಷ್ಟು ಜನರ ಎದುರು ಹೇಗೆ ಮಾತಾಡಿದಳು! ಬರೀ ವಾಸನೆಗೇ ಇಷ್ಟು ಗುಣ ಉಂಟು. ಕುಡಿದ್ರೆ ಎಂತ ಆಗ್ಲಿಕ್ಕಿಲ್ಲ?” ಇಬ್ಬರು ತಾಯಂದಿರು ನಿಜವಾಗಿಯೂ ಡಬ್ಬಿಗೆ ಕೈ ಚಾಚಿದರು. ಮುಳುಗುವವನಿಗೆ ಹುಲ್ಲುಕಡ್ಡಿಯೇ ಆಸರೆ ಅನ್ನುತ್ತಾರೆ. ಇಲ್ಲಿ ಹುಲ್ಲುಕಡ್ಡಿ ಮಾರುವವನೇ ನೀರಿಗೆ ತಳ್ಳುತ್ತಿದ್ದ.

ನುಸ್ರತ್ ಮಾತ್ರ ಕೇಳಿದಳು: “ಹಾಗಾದ್ರೆ ನೀನು ಸರಿಯಾದ್ದು ಹೇಗೆ?”

“ನಾನು ಸರಿ ಆಗ್ಲಿಲ್ಲ. ಹಾಳೂ ಆಗಿರ್ಲಿಲ್ಲ. ನನಗೆ ಆಟಿಸಂ ಈಗಲೂ ಉಂಟು, ಸಾಯುವವರೆಗೂ ಇರ್ತದೆ. ಇವರು ನನ್ನನ್ನು ಬೈಯುದು ನಿಲ್ಲಿಸಿದ್ರು, ಅಷ್ಟೇ. ಅವನ ಗದ್ದ ಬಿಡಿ. ನೋಡದಿದ್ರೂ ಅವನಿಗೆ ಕೇಳ್ತದೆ.”

ನುಸ್ರತ್ ಗದ್ದ ಬಿಟ್ಟಳು. ಡಬ್ಬಿ ತೆಗೆದುಕೊಳ್ಳದೆ ಮಗನನ್ನೆತ್ತಿಕೊಂಡು ಹೊರಟಳು.

ಎಲ್ಲರೂ ಹೋದ ಮೇಲೆ ಶಾನವಾಝ್ ಮನೆಯ ಮಾಡು ಹಾರಿಹೋಗುವಂತೆ ಕೂಗಿದ. “ಮನೆ ಮರ್ಯಾದೆ ತೆಗೆದ್ಲು! ನಾಳೆಯಿಂದ ಎದುರು ನಿಂತು ಕುಡಿಸ್ಬೇಕು ಇವಳಿಗೆ! ಏಯ್, ಮುಖ ನೋಡಿ ಮಾತಾಡು!”

ಶಿಫಾ ಎರಡೂ ಕಿವಿ ಮುಚ್ಚಿ ಗೋಡೆಗೊರಗಿ ಕೂತಳು. ಅವಳು ಹೆದರಿದ್ದು ಇದಕ್ಕೇ.

ಕದೀಜಮ್ಮ ಹತ್ತಿರ ಬಂದರು. ಮುಖ ಕೆಂಪಾಗಿತ್ತು. “ಎರಡು ವರ್ಷ ನನಗೆ ಮೋಸ ಮಾಡಿದಿಯಲ್ಲ ಮಗಳೇ?”

“ಹಾಲು ಉಂಟು ಅಂತ ನೀವು ನನ್ನನ್ನು ನನ್ನಷ್ಟಕ್ಕೆ ಬಿಟ್ರಿ ಉಮ್ಮ. ಇಲ್ಲ ಅಂತ ಹೇಳಿದ್ರೆ ಬಿಡ್ತಿದ್ರಾ?”

ಹಿಂದಿನಿಂದ ಶಾನವಾಝ್ ಮತ್ತೆ ಗಂಟಲು ಏರಿಸಿದ. ಕದೀಜಮ್ಮ ತಮ್ಮನ ಕಡೆ ತಿರುಗಿದರು.

“ಮೆಲ್ಲ ಮಾತಾಡು ಮಾರಾಯ,” ಎಂದರು. “ಅವಳಿಗೆ ಆಗುದಿಲ್ಲ.”