ಅಜ್ಜಿಗೆ ಮೂಗಾದವಳು

ಹಬೆ, ಪಾತ್ರೆಯಿಂದ ಏಳುವ ಹಬೆ ಕಿಟಕಿಯ ಗಾಜಿಗೆ ಹತ್ತಿ ಹೊರಗಿನ ನದಿಯನ್ನು ಅಳಿಸಿಬಿಟ್ಟಿದೆ, ಇಷ್ಟು ಹಬೆ ಇದ್ದೂ ವಾಸನೆ ಇಲ್ಲ, ವಾರಿಸೋಸ್ ಬಾಯಿ ಮುಚ್ಚಿಕೊಂಡು ಇನ್ನೊಮ್ಮೆ ಎಳೆದು ನೋಡುತ್ತಾಳೆ, ಏನೂ ಒಳಗೆ ಹೋಗುವುದಿಲ್ಲ, ಎರಡು ದಿನದ ನೆಗಡಿ, ಹೊಳ್ಳೆಗಳಿಗೆ ಮೇಣ ತುಂಬಿದ ಹಾಗೆ — ಬಜೆ ಬೇರು ಕುದಿದರೆ ಮನೆಯೆಲ್ಲ ಘಮ್ಮೆನ್ನಬೇಕು, ಈಗ ಘಮ್ಮೆನ್ನುತ್ತಿದೆಯೋ ಇಲ್ಲವೋ, ಈ ಅಡುಗೆಮನೆಯಲ್ಲಿ ಹೇಳುವವರು ಯಾರು, ಆ ದೊಡ್ಡ ಜ್ವರ ಬಂದುಹೋದ ವರ್ಷದಿಂದ ಅಗಾತ್ ಅಜ್ಜಿಗೆ ಹೊಗೆಯೂ ಒಂದೇ ಹೂವೂ ಒಂದೇ, ಮೇಜಿನ ಮುಂದೆ ಕೂತ ವೀಶೆ ಮಾವನಿಗೆ ಗಂಟಲಿನ ಜೊತೆ ಮೂಗೂ ಕಟ್ಟಿದೆ, ಉಳಿದದ್ದು ತನ್ನದೊಂದು. ಇವಳು ನನ್ನ ಮೂಗು, ಮದ್ದಿಗೆ ಬಂದವರಿಗೆಲ್ಲ ಅಜ್ಜಿ ಹೇಳುವುದೇ ಹಾಗೆ, ಬೇರು ಮುರಿದು ಇವಳ ಮುಂದೆ ಹಿಡಿದು, ಹ್ಞೂಂ ಅಂದರೆ ಮಾತ್ರ ಪಾತ್ರೆಗೆ ಹಾಕುವುದು, ಶಾಲೆಯಲ್ಲಿ ಎದ್ದು ಓದು ಅಂದರೆ ನಾಲಿಗೆ ಅಂಟಿ ನಿಲ್ಲುತ್ತಿದ್ದವಳಿಗೆ, ಹದಿನಾಲ್ಕಕ್ಕೇ ಅದನ್ನು ಬಿಟ್ಟು ಬಂದವಳಿಗೆ, ಸಿಕ್ಕಿದ್ದು ಇದೊಂದು ಕೆಲಸ, ಇಂದು ಬೆಳಿಗ್ಗೆಯೂ ಹ್ಞೂಂ ಅಂದಳು, ಯಾಕೆ ಅಂದಳು. ಮಾವ ಲೋಟ ಎತ್ತಿ ಊದುತ್ತಾನೆ, ಊದಿ ಕೆಳಗಿಡುತ್ತಾನೆ, ಸುಡುತ್ತದೆ, ಸುಡಲಿ, ಇನ್ನಷ್ಟು ಹೊತ್ತು ಸುಡಲಿ, ಅವನ ಗಂಟಲಮಣಿ ಸುಮ್ಮನೆ ಮೇಲೇರಿ ಇಳಿಯುತ್ತದೆ, ನಾಳೆ ಊರೆಲ್ಲ ಸೇರುವ ಉದ್ದಮನೆಯಲ್ಲಿ ಸುಗ್ಗಿಯ ಕೂಟ, ನೀರಿಗೆ, ಮೀನಿಗೆ, ಗಿಡಕ್ಕೆ, ಗುಡುಗಿಗೆ, ಒಂದನ್ನೂ ಬಿಡದೆ ಧನ್ಯವಾದ ಹೇಳಬೇಕಾದ ಗಂಟಲು ಅದು, ಬೇರೆಯವರು ಹೇಳಲಿ ಬಿಡೋ ಅಂದರೆ ಕೇಳುವವನಲ್ಲ, ಉಸಿರಿನಲ್ಲೇ ಪಿಸುಗುಟ್ಟಿ ನಗುತ್ತಾನೆ, ನೋಡೇ, ಈಗ ನಾನೂ ನಿನ್ ಥರಾನೇ ಆದೆ, ನಾವಿಬ್ರೂ ಮಾತಾಡ್ಕೊಂಡ್ರೆ ಬೆಕ್ಕಿಗೂ ಕೇಳಲ್ಲ, ಅಜ್ಜಿ ಬೆನ್ನು ತಿರುಗಿಸಿಕೊಂಡೇ, ಅವಳು ಬಾಯಿ ಬಿಡದಿದ್ರೂ ಕೆಲಸ ಮಾಡ್ತಾಳೆ, ನಿಂದು ಬಾಯಿ ಒಂದೇ, ಕುಡಿ.

ಜೌಗಿನಲ್ಲಿ ನಿನ್ನೆ ಏನು ತಪ್ಪಿತು, ಏನೂ ತಪ್ಪಲಿಲ್ಲ, ಅಜ್ಜಿ ಹೇಳಿಕೊಟ್ಟ ಹಾಗೇ ಮಾಡಿದಳು, ಅದೇ ಹೆದರಿಕೆ — ಮೊದಲು ಕಂಡದ್ದನ್ನ ಕೀಳಬೇಡ, ಅದು ಆ ಬಳಗಕ್ಕೆ ಹಿರೀದು, ಹೊಗೆಸೊಪ್ಪು ಕಾಣಿಕೆ ಇಟ್ಟು ಯಾರಿಗೆ ಏನಾಗಿದೆ ಹೇಳು, ಆಮೇಲೆ ಮುಂದಿನದಕ್ಕೆ ಹೋಗು — ಮೊದಲು ಕಂಡದ್ದು ಬಜೆಯೇ, ಪಕ್ಕದಲ್ಲಿ ಬೆರಳಿನಂಥ ತೆನೆ ಒಣಗಿ ನಿಂತಿತ್ತು, ಮಂಡಿಯೂರಿ ಹೊಗೆಸೊಪ್ಪು ಇಟ್ಟಳು, ವೀಶೆ ಮಾವನ ಹೆಸರು ಹೇಳಿದಳು, ಗಿಡದ ಮುಂದೆ ಮಾತ್ರ ಅವಳಿಗೆ ಮಾತು ಸಲೀಸು, ಅಲ್ಲಿಂದ ಹತ್ತು ಹೆಜ್ಜೆ ಮುಂದೆ ಹೋಗಿ ಅಗೆದಳು, ಅಲ್ಲಿ ತೆನೆ ಇರಲಿಲ್ಲ, ಕತ್ತಿಯಂಥ ಎಲೆ ಇತ್ತು, ಅದೇ ಕೆಸರು, ಅದೇ ಗೆಣ್ಣಿನ ಬೇರು, ಆದರೆ ನೀಲಿ ಹೂ ಬಿಡುವ ಆ ಇನ್ನೊಂದು ಗಿಡಕ್ಕೂ ಕತ್ತಿಯಂಥದೇ ಎಲೆ, ಹೂ ಉದುರಿ ತಿಂಗಳುಗಳಾದ ಮೇಲೆ ಎರಡನ್ನೂ ಬೇರೆ ಮಾಡಲು ಅವಳಿಗೆ ಗೊತ್ತಿದ್ದದ್ದು ಮೂಗೊಂದೇ, ಆ ವಿಷದ ಬೇರು ಅಗಿದ ಊರಿನ ಕ್ಲೆಮೆಂಟನ ನಾಯಿ ಜೊಲ್ಲು ಸುರಿಸಿ, ವಾಂತಿ ಮಾಡಿ ಮಾಡಿ ಮೆಟ್ಟಿಲ ಕೆಳಗೆ ಮಲಗಿದ್ದು ಏಳಲಿಲ್ಲ, ಆಸ್ಪತ್ರೆಯಲ್ಲಿ ಮಾವನ ಎದೆ ಸೀಳಿ ಹೊಲಿದು ಇನ್ನೂ ಆರು ತಿಂಗಳಾಗಿಲ್ಲ. ಬೇರು ಮುರಿದು ಮೂಗಿಗೆ ಹಿಡಿದಳು, ಅಲ್ಲಿ ನೋಡುವವರು ಯಾರೂ ಇರಲಿಲ್ಲ, ಆದರೂ ಹಿಡಿದಳು, ತಿಳಿದವಳ ಹಾಗೆ ತಲೆ ಆಡಿಸಿ ಬುಟ್ಟಿಗೆ ಹಾಕಿದಳು. ಮಾವ ಲೋಟ ಎತ್ತುತ್ತಾನೆ, ಈ ಸಲ ಊದಲಿಲ್ಲ, ಹೇಳು, ಹೇಳಿಬಿಡು, ಹೇಳಿದರೆ ಅಜ್ಜಿ ಇನ್ನು ಕರೆಯುವುದಿಲ್ಲ, ನಾಳೆಯಿಂದ ಬೇರೆ ಹುಡುಗಿ ಬರುತ್ತಾಳೆ, ತುಟಿ ಲೋಟದ ಅಂಚಿಗೆ ತಾಗಿತು, ಗಂಟಲಮಣಿ ಕಾಯುತ್ತಿದೆ, ನಾಲಿಗೆ ಮೇಲಂಗುಳಕ್ಕೆ ಅಂಟಿದೆ, ಶಾಲೆಯ ಬೆಂಚು, ಎದ್ದು ನಿಲ್ಲು, ಓದು — ಮಾವಾ, ಬೇಡ. ಅವಳದೇ ದನಿ, ಸಣ್ಣಗೆ. ನಂಗೆ ವಾಸನೆ ಬರ್ತಿಲ್ಲ. ಎರಡು ದಿನದಿಂದ ಬರ್ತಿಲ್ಲ.

ಮಾವ ಲೋಟವನ್ನು ಹಾಗೇ ಹಿಡಿದ, ತುಟಿಯ ಮೇಲೆ ಒದ್ದೆ, ಒರೆಸಿಕೊಂಡ, ಮೆಲ್ಲಗೆ ಕೆಳಗಿಟ್ಟ, ಬೈಯಲಿಲ್ಲ, ಬೈಯಲು ದನಿಯೂ ಇಲ್ಲ, ಅವನ ಗಂಟಲಮಣಿ ಇದ್ದಲ್ಲೇ ಇದೆ, ಒಂದು ಹನಿಯೂ ಇಳಿದಿಲ್ಲ, ಬದುಕಿದೆ, ಬದುಕಿದೆ, ಗೋಡೆಗೆ ಒರಗುತ್ತಾಳೆ, ಅಳು ಬರುತ್ತದೆ, ಸೌದೆಗೆ ಅಂತ ಹೊರಗೆ ಹೋಗಿದ್ದಾಗಲೇ ಓಡಿಹೋಗಬೇಕು ಅನ್ನಿಸಿತ್ತು, ಓಡಲಿಲ್ಲ, ಒಳ್ಳೇದಾಯಿತು — ಅಜ್ಜಿ ಸೌಟನ್ನು ಇಟ್ಟು ತಿರುಗಿದಳು, ಮುಖದಲ್ಲಿ ಸಿಟ್ಟಿಲ್ಲ, ಯಾರಿಗೋ ದಾರಿ ಹೇಳುವ ಹಾಗೆ ಹೇಳುತ್ತಾಳೆ, ಹೆದರಬೇಡ ಮಗಾ, ಹೇಳಿದೆಯಲ್ಲ, ಆದ್ರೆ ನೀನು ಸೌದೆಗೆ ಹೋದಾಗ ನಾನು ಕುಡಿದೆ. ಬೇರೆಯವ್ರಿಗೆ ಕೊಡೋಕೆ ಮುಂಚೆ ನಾನು ಕುಡೀದೆ ಯಾವತ್ತು ಕೊಟ್ಟಿದೀನಿ. ಒಂದು ಲೋಟ. ನಾಲಿಗೆ ಉರಿತಿದೆ, ಬಜೆಯಾದ್ರೂ ಉರಿಯುತ್ತೆ, ಅದಾದ್ರೂ ಉರಿಯುತ್ತೆ, ಯಾವುದೋ ನಂಗೆ ಗೊತ್ತಾಗ್ತಿಲ್ಲ. ಮಾವನ ಕುರ್ಚಿ ಹಿಂದಕ್ಕೆ ಬಿತ್ತು, ಉಳಿದ ಬೇರನ್ನು ಮುಷ್ಟಿಯಲ್ಲಿ ಹಿಡಿದು ಹೊರಗೆ ಓಡಿದ, ಪಕ್ಕದ ಮನೆಯ ಲೋರೀನಳನ್ನು ಕೂಗಲು ದನಿಯಿಲ್ಲದೆ ಟ್ರಕ್ಕಿನ ಹಾರ್ನ್ ಒತ್ತಿ ಹಿಡಿದಿದ್ದಾನೆ, ಹಾರ್ನ್ ನಿಲ್ಲುವುದಿಲ್ಲ, ಲೋರೀನ್ ಬರಲಿ, ಮೂಸಲಿ, ಹ್ಞೂಂ ಅನ್ನಲಿ, ಅಷ್ಟು ಹೊತ್ತೂ ತಾನು ಮಾವನ ಗಂಟಲನ್ನೇ ನೋಡುತ್ತಿದ್ದಳಲ್ಲ, ಅಜ್ಜಿ ಕೂತಳು, ಕೈಯನ್ನು ಇವಳ ಕೈಮೇಲೆ ಇಟ್ಟಳು, ಉಗುಳು ನುಂಗಿದಳು, ಸುಕ್ಕುಗಳ ಅಡಿಯಲ್ಲಿ ಗಂಟಲು ಮೇಲೇರಿತು, ಇಳಿಯಿತು, ಬಾಯಿಗೆ ಮತ್ತೆ ಉಗುಳು ಬಂತೇನೋ, ಮತ್ತೆ ನುಂಗಿದಳು, ಆ ಸಣ್ಣ ಗಂಟಲು ಮೇಲೇರಿತು, ಇಳಿಯಿತು, ಮೇಲೇರಿತು