ನೀರು ತಿಂದ ಹಲ್ಲು

ಗದ್ದಕ್ಕೆ ಕಟ್ಟಿದ ಬಟ್ಟೆ ಮತ್ತೆ ಜಾರಿತು. ಮಧುಶ್ರೀ ಅದನ್ನು ಅವ್ವನ ನೆತ್ತಿಯ ಮೇಲಕ್ಕೆ ಎಳೆದು ಬಿಗಿಯಾಗಿ ಗಂಟು ಹಾಕಿದಳು. ಅವಳು ಕೈ ತೆಗೆದದ್ದೇ ತಡ, ಸರೋಜಮ್ಮನ ಕೆಳದವಡೆ ಎಡಕ್ಕೆ ವಾಲಿ ಬಾಯಿ ತೆರೆದುಕೊಂಡಿತು. ಹಿತ್ತಿಲಿನಲ್ಲಿ ಮಣೆಯ ಮೇಲೆ ಕೂರಿಸಿ ಹೆಣಕ್ಕೆ ನೀರು ಹಾಕುತ್ತಿದ್ದ ಹೆಂಗಸರು ಬಿಂದಿಗೆ ಹಿಡಿದು ಹಾಗೇ ನಿಂತರು.

“ಇನ್ನೂ ಬಿಗೀ ಕಣಮ್ಮ. ಬಾಯಿ ಬುಟ್ಕಂಡು ಮಣ್ಣಿಗೋಗಬಾರ್ದು,” ಎಂದಳು ಪಕ್ಕದ ಮನೆಯ ರುದ್ರಾಣಮ್ಮ. “ಏನೇ ಅನ್ನು, ಮುತ್ತೈದೆಯಾಗಿ ಹೋದ್ಲು. ಪುಣ್ಯಾತ್ಮಗಿತ್ತಿ.”

ಮಧುಶ್ರೀ ಗಂಟು ಬಿಚ್ಚಿ ಮತ್ತೆ ಬಿಗಿದಳು. ಬೆಳಗಿನ ಜಾವ ತಮ್ಮ ಪ್ರಭುದೇವ್ ಫೋನು ಮಾಡಿ “ಅವ್ವ ಹೋಗ್ಬುಡ್ತು” ಎಂದಾಗ ಮಧುಗಿರಿಯಿಂದ ಉಟ್ಟ ಸೀರೆಯಲ್ಲೇ ಹೊರಟು ಬಂದವಳು ಅವಳು. ಹಲ್ಲಿಗೆ ಕೀವಾಗಿ, ಕೊರಳು ಊದಿ, ಉಸಿರು ಕಟ್ಟಿತಂತೆ. ಹಲ್ಲು ನೋವಿಗೆ ಮನುಷ್ಯರು ಸಾಯುತ್ತಾರೆಯೇ ಎಂದು ದಾರಿಯುದ್ದಕ್ಕೂ ಯೋಚಿಸಿದ್ದಳು. ಈಗ ಒದ್ದೆ ಕೂದಲು ಸರಿಸಿದಾಗ ಅವ್ವನ ಕಿವಿಯ ಕೆಳಗಿನಿಂದ ಗದ್ದದವರೆಗೆ ಒಂದು ಕಪ್ಪು ಬರೆ ಕಂಡಿತು. ಬಾವು ಹೀಗೆ ನೆಟ್ಟಗೆ ಗೆರೆ ಎಳೆದಂತೆ ಬರುವುದಿಲ್ಲ.

“ಇದೇನು ಭುವನಾ?” ಎಂದು ತಮ್ಮನ ಹೆಂಡತಿಯನ್ನು ಕೇಳಿದಳು.

ಭುವನಾ ತಲೆ ಎತ್ತಲಿಲ್ಲ. “ಬಾವು ಕಣಕ್ಕ. ನೀರಿನ ಹಲ್ಲು ಮುರುದೋಗಿತ್ತಲ್ಲ, ಅದೇ.”

ಅವರ ಊರು ರಾಯಚರ್ಲು ಕಡೆ ನೀರನ್ನು ಬೈಯುವುದಕ್ಕೆ ಯಾರೂ ಹಿಂದೆ ಮುಂದೆ ನೋಡುವುದಿಲ್ಲ. ಕೊಳವೆಬಾವಿಯ ಫ್ಲೋರೈಡ್ ಕುಡಿದು ಬೆಳೆದ ಮಂದಿ. ನಕ್ಕರೆ ಅರ್ಧ ಊರಿನ ಹಲ್ಲು ಸುಟ್ಟ ಬೆಲ್ಲದ ಬಣ್ಣ. ಮಂಡಿ ಹಿಡಿದರೆ ನೀರು, ಸೊಂಟ ಬಗ್ಗಿದರೆ ನೀರು, ಹಲ್ಲು ಬಿದ್ದರಂತೂ ನೀರೇ. ನೀರಿಗೆ ಬಾಯಿಲ್ಲ, ಹೊರಿಸಿದ್ದನ್ನೆಲ್ಲ ಹೊರುತ್ತದೆ.

*

ಮಧುಶ್ರೀ ಆಗ ಇನ್ನೂ ಲಂಗ ಹಾಕುತ್ತಿದ್ದ ಹುಡುಗಿ. ಸಾರಿಗೆ ಉಪ್ಪು ಹೆಚ್ಚಾಗಿತ್ತು, ಅಷ್ಟೇ. ಅಪ್ಪ ನಾಗಲಿಂಗಯ್ಯ ಎದ್ದು ಕೈ ತೊಳೆದುಕೊಂಡ. ಕೈ ತೊಳೆದ ಆ ತಂಬಿಗೆಯನ್ನೇ ಅವ್ವನ ಬಾಯಿಗೆ ಬೀಸಿದ. ಹಿತ್ತಾಳೆಯ ತಂಬಿಗೆ ಮೂಳೆಗೆ ತಗುಲಿದಾಗ ಗಂಟೆ ಬಡಿದಂಥ ಸದ್ದು ಬಂತು. ಅವ್ವ ಬಚ್ಚಲಿಗೆ ಹೋಗಿ ಬಾಯಿ ಮುಕ್ಕಳಿಸಿದಳು. ಕೆಂಪು ನೀರಿನ ಜೊತೆ ಏನೋ ಟಣ್ಣೆಂದು ಕಲ್ಲಿನ ಮೇಲೆ ಬಿತ್ತು. ಅವ್ವ ಅದನ್ನು ಎತ್ತಿ, ತೊಳೆದು, ಹಿತ್ತಿಲಿನ ಆಚೆಗೆ ಎಸೆದು ಬಂದು ಅಪ್ಪನಿಗೆ ಮಜ್ಜಿಗೆ ಬಡಿಸಿದಳು.

ಮರುದಿನ ನಲ್ಲಿಯ ಬಳಿ ಇದೇ ರುದ್ರಾಣಮ್ಮ ಕೇಳಿದ್ದಳು, “ಏನಮ್ಮ ಸರೋಜಾ, ಮುಂದಿನ ಹಲ್ಲೇ ಇಲ್ಲ?”

“ನೀರು ತಿಂದ್ಬುಡ್ತು ಕಣಕ್ಕ,” ಅವ್ವ ನಕ್ಕಿದ್ದಳು.

ರುದ್ರಾಣಮ್ಮನ ಮನೆಗೂ ಇವರ ಮನೆಗೂ ನಡುವೆ ಒಂದೇ ಗೋಡೆ. ತಂಬಿಗೆಯ ಸದ್ದು ಆ ಕಡೆಗೆ ಕೇಳಿರಲಿಲ್ಲ ಎಂದರೆ ನಂಬುವವರು ನಂಬಬೇಕು. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎಂದು ಗಾದೆ ಕಟ್ಟಿದವನಿಗೆ ಯಾರೂ ತಂಬಿಗೆ ಬೀಸಿರಲಿಕ್ಕಿಲ್ಲ.

*

ಪಡಸಾಲೆಯಲ್ಲಿ ಸರೋಜಮ್ಮನನ್ನು ಗೋಡೆಗೆ ಒರಗಿಸಿ ಕೂರಿಸಿದ್ದರು. ಅವರಲ್ಲಿ ಸತ್ತವರನ್ನು ಮಲಗಿಸುವುದಿಲ್ಲ. ಕಾಲು ಮಡಿಸಿ ಕೂರಿಸಿ, ಎಡಗೈಯಲ್ಲಿ ಲಿಂಗವಿಟ್ಟು, ಕೂತಂತೆಯೇ ಮಣ್ಣು ಮಾಡುತ್ತಾರೆ. ಹಣೆಗೆ ವಿಭೂತಿ, ಕೈತುಂಬ ಹಸಿರು ಬಳೆ, ಮಡಿಲಲ್ಲಿ ಬಿಲ್ವಪತ್ರೆ. ಹೆಂಗಸರು ಒಬ್ಬೊಬ್ಬರಾಗಿ ಬಂದು ಅವಳ ಮುಂದಿನ ಕುಂಕುಮ ತೆಗೆದು ತಮ್ಮ ಹಣೆಗೆ ಇಟ್ಟುಕೊಳ್ಳುತ್ತಿದ್ದರು, ಮುತ್ತೈದೆತನ ತಮಗೂ ಉಳಿಯಲಿ ಎಂದು. ಮಧುಶ್ರೀ ಮುಖ ತಿರುಗಿಸಿದಳು.

ಜಗಲಿಯ ಮೇಲೆ ನಾಗಲಿಂಗಯ್ಯ ಟವೆಲಿನಿಂದ ಕಣ್ಣೊತ್ತಿಕೊಳ್ಳುತ್ತಿದ್ದ. ಸೋಲಾರ್ ಪಾರ್ಕಿನಲ್ಲಿ ಕಾವಲುಗಾರ. ಊರಿಗೆ ಬೇಕಾದ ಮನುಷ್ಯ. ಯಾರ ಮನೆಯ ಸಾವಿಗೂ ಮೊದಲು ಹೋಗುವವನು, ಎಲೆಯಡಿಕೆ ಚೀಲ ಎಲ್ಲರ ಮುಂದೆ ಬಿಚ್ಚುವವನು. ಅವನ ಕಾವಲಿನ ದೊಣ್ಣೆ ಬಾಗಿಲ ಸಂದಿಯಲ್ಲಿ ಒರಗಿತ್ತು. ಮಧುಶ್ರೀ ಅದನ್ನು ನೋಡಿದಳು, ಅವ್ವನ ಕೆನ್ನೆಯ ಕೆಳಗಿನ ಬರೆಯನ್ನು ನೋಡಿದಳು. ಎರಡೂ ಒಂದೇ ದಪ್ಪ.

“ಬೆಂಗಳೂರಿಗೆ ಕರ್ಕಂಡೋಗಣ ಅಂದ್ರೆ ಒಪ್ಲಿಲ್ಲ ಸ್ವಾಮಿ,” ನಾಗಲಿಂಗಯ್ಯ ಬಂದವರಿಗೆ ಹೇಳುತ್ತಿದ್ದ. “ನನ್ನ ಬುಟ್ಟು ಒಂದಿನ ಇದ್ದೋಳಲ್ಲ.”

“ಏಂ ಚೇಸ್ತಾಂ ನಾಗಲಿಂಗಯ್ಯಾ, ಏನು ಮಾಡಾಕಾಯ್ತದೆ, ಅದು ಹಣೇಲಿ ಬರ್ದಿದ್ದು,” ಎಂದು ಗಡಿಯಾಚೆಯ ತೆಲುಗು ಸೀಮೆಯಿಂದ ಬಂದ ನೆಂಟರೊಬ್ಬರು ಸಮಾಧಾನ ಹೇಳಿದರು.

ಹೊತ್ತು ಏರಿದಾಗ ಬಿಳಿ ಕಾರೊಂದು ಬಂದು ನಿಂತಿತು. ಇಳಿದವಳು ಅವ್ವನ ಹಲ್ಲು ನೋಡುತ್ತಿದ್ದ ಡಾಕ್ಟರ್ ಸುಮಯ್ಯ, ಮಧುಶ್ರೀಯ ಫೋನಿಗೆ ಓಡಿ ಬಂದಿದ್ದಳು; ಶಿರಾದವಳು, ದಂತ ವೈದ್ಯಕೀಯ ಕಾಲೇಜಿನಲ್ಲಿ ಸಂಶೋಧನೆ ಮಾಡುತ್ತಿದ್ದಳು. ತಲೆಯ ಮೇಲೆ ದುಪಟ್ಟಾ ಎಳೆದುಕೊಂಡು ಸರೋಜಮ್ಮನ ಮುಂದೆ ಮಂಡಿಯೂರಿ ಕೂತಳು. ಅವಳ ನೋಟ ಹಣೆಯ ವಿಭೂತಿಯಿಂದ ಕೆಳಗಿಳಿದು ಗದ್ದದ ಬಳಿ ನಿಂತಿತು. ಅಲ್ಲಿಂದ ಅಲುಗಲಿಲ್ಲ.

*

ಕಳೆದ ಚಳಿಗಾಲದಲ್ಲಿ ಊರ ಶಾಲೆಯಲ್ಲಿ ನಡೆದ ಹಲ್ಲಿನ ಶಿಬಿರಕ್ಕೆ ಅವ್ವನನ್ನು ಕರೆದೊಯ್ದವಳು ಮಧುಶ್ರೀಯೇ. ಸರೋಜಮ್ಮನ ಬೆರಳ ಗಂಟುಗಳು ಊದಿ, ಮುದ್ದೆ ತಿರುವಲೂ ಆಗುತ್ತಿರಲಿಲ್ಲ. ವಸಡಿನ ರೋಗಕ್ಕೂ ಕೀಲುವಾತಕ್ಕೂ ನಂಟಿದೆಯೇ, ವಸಡು ವಾಸಿ ಮಾಡಿದರೆ ಕೀಲಿನ ಊತ ಇಳಿಯುತ್ತದೆಯೇ ಎಂದು ಸುಮಯ್ಯಳ ತಂಡ ಹುಡುಕುತ್ತಿತ್ತು.

“ಬಾಯಿ ಹುಣ್ಣಿಗೂ ಕೈ ಬೆರಳಿಗೂ ಎತ್ತಣ ಸಂಬಂಧನಮ್ಮ?” ಎಂದಿದ್ದಳು ಅವ್ವ.

ಸುಮಯ್ಯ ನಕ್ಕಳು. “ನಮ್ಮ ಮೈಯಲ್ಲಿ ಕಾವಲುಗಾರರು ಇರ್ತಾರಮ್ಮ. ಹೊರಗಿನ ಕಳ್ಳರನ್ನ ಹೊಡೆಯೋಕೆ. ನಿಮ್ಮ ಕಾವಲುಗಾರರಿಗೆ ತಲೆ ಕೆಟ್ಟಿದೆ. ಕಳ್ಳ ಯಾರು, ಮನೆಯವರು ಯಾರು ಗೊತ್ತಾಗದೆ ಮನೆಯವರನ್ನೇ ಬಡೀತಿದ್ದಾರೆ.”

“ಬೇಲಿನೇ ಎದ್ದು ಹೊಲ ಮೇಯ್ತು ಅನ್ನು. ಅದೆಲ್ಲಾ ನಮಗೆ ಗೊತ್ತಿರೋದೇ ಕಣವ್ವ,” ಎಂದು ಅವ್ವ ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕಳು. ಆ ನಗು ಸುಮಯ್ಯಳಿಗೆ ತಮಾಷೆಯಾಗಿ ಕೇಳಿರಬೇಕು. ಮಧುಶ್ರೀಗೆ ಹಾಗೆ ಕೇಳಲಿಲ್ಲ.

ಎಕ್ಸ್-ರೇ ತೆಗೆದ ಮೇಲೆ ಸುಮಯ್ಯಳ ಮುಖ ಬದಲಾಯಿತು. ಮಧುಶ್ರೀಯನ್ನು ಪಕ್ಕಕ್ಕೆ ಕರೆದಳು. “ಫ್ಲೋರೈಡ್ ಹಲ್ಲಿಗೆ ಬಣ್ಣ ಹಿಡಿಸುತ್ತೆ, ಗುಳಿ ಬೀಳಿಸುತ್ತೆ. ಹೀಗೆ ಬೇರಿನ ಹತ್ರ ಅಡ್ಡಕ್ಕೆ ಮುರಿಯಲ್ಲ. ದವಡೆ ಒಂದು ಸಲ ಮುರಿದು ತಾನೇ ಕೂಡಿಕೊಂಡಿದೆ. ಯಾರು ಹೊಡೆದದ್ದು?”

ಮಧುಶ್ರೀ ಹೇಳುವ ಮೊದಲೇ ಹಿಂದಿನಿಂದ ಅವ್ವನ ದನಿ ಬಂತು. “ನೀರು ಕಣಮ್ಮ.”

ಕೀಲಿನ ಡಾಕ್ಟರು ಔಷಧ ಶುರು ಮಾಡಿದರು. ಸುಮಯ್ಯ ಕೈ ಹಿಡಿದು ಹೇಳಿದ್ದಳು, “ಈ ಔಷಧಿ ಕಾವಲುಗಾರರಿಗೆ ಜೋಂಪು ಹತ್ತಿಸುತ್ತೆ. ಬೆರಳ ನೋವು ಇಳಿಯುತ್ತೆ. ಆದ್ರೆ ನಿಜವಾದ ಕಳ್ಳ ಬಂದ್ರೂ ಕೂಗೋರು ಇರಲ್ಲ. ಜ್ವರಾನೂ ಬರದೇ ಹೋಗ್ಬಹುದು. ಬಾಯಿಗೆ ಚೂರು ಪೆಟ್ಟಾದ್ರೂ ಅವತ್ತೇ ಬರ್ಬೇಕು.” ಬೇಸಿಗೆಯ ಹೊತ್ತಿಗೆ ಸರೋಜಮ್ಮ ಮುದ್ದೆ ತಿರುವತೊಡಗಿದ್ದಳು. ಫೋನಿನಲ್ಲಿ ಹೇಳುವಾಗ ಅವಳ ದನಿಯಲ್ಲಿ ಹುಡುಗಿಯ ಸಂಭ್ರಮವಿತ್ತು.

*

ಹಿತ್ತಿಲಿನಲ್ಲಿ ಸುಮಯ್ಯ ಮೆಲ್ಲಗೆ ಕೇಳಿದಳು. “ಪೆಟ್ಟು ಯಾವಾಗ ಬಿತ್ತು?”

ಮಧುಶ್ರೀ ಭುವನಾಳ ತೋಳು ಹಿಡಿದಳು. “ಹೇಳು.”

“ನನ್ನೇನೂ ಕೇಳಬ್ಯಾಡ ಅಕ್ಕ. ನಾನು ಇದೇ ಮನೇಲಿ ಬಾಳ್ಬೇಕು.”

“ಅವ್ವನೂ ಇದೇ ಮನೇಲೇ ಬಾಳಿದ್ಲು. ನೋಡ್ದಲ್ಲ, ಹೆಂಗೆ ಕೂತವ್ಳೆ ಅಂತ.”

ಭುವನಾ ಗೋಡೆಗೆ ಒರಗಿ ಕುಸಿದಳು. ಕಳೆದ ವಾರ ರಾತ್ರಿ ಪಾಳಿ ಮುಗಿಸಿ ಬಂದ ಮಾವ ನೀರು ಕಾಯಿಸಿಲ್ಲವೆಂದು ಅತ್ತೆಯ ಮೇಲೆ ದೊಣ್ಣೆ ಎತ್ತಿದ್ದ. ಮೊದಲನೆಯದು ಭುಜಕ್ಕೆ, ಎರಡನೆಯದು ದವಡೆಗೆ. ಬಿದ್ದವಳ ಬಾಯಿಯ ಮೇಲೆ ಹಿಮ್ಮಡಿಯಿಂದ ತುಳಿದಿದ್ದ. “ನಾನು ಆಸ್ಪತ್ರೆಗೆ ಕರ್ಕಂಡೋಯ್ತೀನಿ ಅಂದೆ. ‘ಬಾಗ್ಲು ದಾಟಿದ್ರೆ ನಿಂದೂ ಇದೇ ಗತಿ’ ಅಂದ್ರು. ನಿನ್ ತಮ್ಮಾನೂ ಸುಮ್ಕಿರು ಅಂದ್ರು. ಅತ್ತೆಗೆ ಜ್ವರಾನೇ ಬರ್ಲಿಲ್ಲ ಅಕ್ಕ. ಅದ್ಕೇ ಏನಾಗಲ್ಲ ಅನ್ಕಂಡೆ. ನಿನ್ನೆ ಸಂಜೆ ಕೊರಳು ಕಲ್ಲಾಗ್ಬುಡ್ತು.”

ಸುಮಯ್ಯಳ ಕಣ್ಣು ತುಂಬಿತು. “ಕೀವು ಕೊರಳಿಗೆ ಇಳಿದಿದೆ. ಅವತ್ತೇ ಬಂದಿದ್ರೆ ಉಳೀತಿದ್ರು ಅನ್ಸುತ್ತೆ. ಮಣ್ಣಾದ ಮೇಲೆ ಇದನ್ನೆಲ್ಲ ಸಾಬೀತು ಮಾಡೋದು ಕಷ್ಟ ಮಧು. ಪೋಸ್ಟ್‌ಮಾರ್ಟಂ ಆದ್ರೆ ಮಾತ್ರ. ಅಂದ್ರೆ ಕೊಯ್ತಾರೆ. ಯೋಚನೆ ಮಾಡು.”

ಬದುಕಿದ್ದಷ್ಟು ದಿನ ಪೆಟ್ಟು ತಿಂದ ಮೈಗೆ ಸತ್ತ ಮೇಲೂ ಚಾಕು ಹಾಕಿಸುವುದೇ? ಹಾಗೆಂದು ಬಿಟ್ಟರೆ, ಸಂಜೆಗೆ ಅಪ್ಪ ಸ್ನಾನ ಮಾಡಿ ಜಗಲಿಗೆ ಬಂದು ಎಲೆಯಡಿಕೆ ಹಾಕುತ್ತಾನೆ. ನಾಳೆ ಭುವನಾಳ ಹಲ್ಲನ್ನೂ ನೀರು ತಿನ್ನುತ್ತದೆ. ಅವಳು ಫೋನು ತೆಗೆದು ಪೊಲೀಸರಿಗೆ ಕರೆ ಮಾಡಿದಳು. ಊರ ಹೆಸರು ಹೇಳಿದಳು, ಅವ್ವನ ಹೆಸರು ಹೇಳಿದಳು. ಕೊನೆಗೆ ಅಪ್ಪನ ಹೆಸರನ್ನೂ ಹೇಳಿದಳು.

ಪಡಸಾಲೆಯಲ್ಲಿ ಕ್ರಿಯೆ ಮಾಡಿಸಲು ಬಂದ ನಂದೀಶ್ವರಯ್ಯನವರು ಕರೆಯುತ್ತಿದ್ದರು. “ಯಜಮಾನ್ರು ಬನ್ನಿ. ಗಂಡನ ಕೈಲಿ ಕೊನೇ ಕುಂಕುಮ ಆಗ್ಬೇಕು.”

ನಾಗಲಿಂಗಯ್ಯ ಮೂಗೊರೆಸಿಕೊಂಡು ಬಂದ. ಬೆರಳಿಗೆ ಕುಂಕುಮ ಹಚ್ಚಿಕೊಂಡ. ಮಧುಶ್ರೀ ಅವ್ವನಿಗೆ ಅಡ್ಡ ನಿಂತಳು.

“ಮುಟ್ಟಬ್ಯಾಡ.”

“ಸರೀಲೇ ಆಕಡೆ.”

“ಕೊಂದ ಕೈಲಿ ಕುಂಕುಮ ಇಡಬ್ಯಾಡ ಅಂದೆ. ಪೊಲೀಸ್ರು ಬರ್ತಾವ್ರೆ. ಅವ್ರು ಬರೋಗಂಟ ಅವ್ವನ್ನ ಯಾರೂ ಎತ್ತಂಗಿಲ್ಲ.”

ಪ್ರಭುದೇವ್ ಓಡಿ ಬಂದು ಅಕ್ಕನ ಕೈ ಹಿಡಿದ. “ಅಕ್ಕಾ, ಮಾನ ಕಳೀಬ್ಯಾಡ. ಹೋದೋಳು ಹೋದ್ಲು. ನೀರಿನ ಹಲ್ಲು ಅಂತ ಊರಿಗೇ ಗೊತ್ತು.”

ನಾಗಲಿಂಗಯ್ಯನ ಅಳು ಎಲ್ಲಿ ಹೋಯಿತೋ. ಮಗಳ ತುರುಬಿಗೆ ಕೈ ಹಾಕಿ ತಲೆಯನ್ನು ಹಿಂದಕ್ಕೆ ಎಳೆದ. ಅಷ್ಟು ಜನರ ಎದುರು, ಅಷ್ಟು ಊದುಬತ್ತಿಗಳ ನಡುವೆ, ಕುಂಕುಮ ಮೆತ್ತಿದ ಮುಷ್ಟಿಯಿಂದ ಅವಳ ಬಾಯಿಗೆ ಗುದ್ದಿದ. ಇನ್ನೊಂದು ಗುದ್ದಿದ. ಮೂರನೆಯದಕ್ಕೆ ಕೈ ಎತ್ತುವಷ್ಟರಲ್ಲಿ ಮಧುಶ್ರೀಯ ತಲೆ ಕಂಬಕ್ಕೆ ಬಡಿದು ಅವಳು ಅವ್ವನ ಮಡಿಲ ಮೇಲೆ ಬಿದ್ದಳು. ಹಸಿರು ಬಳೆಗಳು ಒಡೆದವು. ನಂದೀಶ್ವರಯ್ಯನವರು ಅವನನ್ನು ಹಿಂದಿನಿಂದ ತಬ್ಬಿ ಹಿಡಿದರು.

ಮಧುಶ್ರೀ ಎದ್ದಳು. ನಾಲಗೆಯಿಂದ ತಡಕಿ ಅಂಗೈಗೆ ಉಗಿದಳು. ರಕ್ತದ ಜೊಲ್ಲಿನಲ್ಲಿ ಮುಂದಿನ ಹಲ್ಲಿನ ಚೂರು. ಅದನ್ನು ರುದ್ರಾಣಮ್ಮನ ಮುಖದ ಮುಂದೆ ಹಿಡಿದಳು.

“ಇದೂ ನೀರು ತಿಂತಾ ಅಕ್ಕ? ಎಲ್ರೂ ನೋಡಿದ್ರಲ್ಲ. ಹೇಳ್ರಿ, ನೀರಾ?”

ರುದ್ರಾಣಮ್ಮನ ಹಣೆಯ ಮೇಲೆ ಆಗಷ್ಟೇ ಇಟ್ಟುಕೊಂಡ ಕುಂಕುಮವಿತ್ತು. ಅವಳು ಬಾಯಿ ತೆರೆದಳು, ಮುಚ್ಚಿದಳು. ಕೊನೆಗೆ ಗೋಡೆಯ ಕಡೆ ನೋಡುತ್ತ ಅಂದಳು, “ಇಲ್ಲ ಕಣಮ್ಮ. ಯಾವತ್ತೂ ನೀರಲ್ಲ. ನಮಗೆ ಕೇಳ್ತಿತ್ತು.”

ಮಧ್ಯಾಹ್ನ ಇಳಿಯುವ ಹೊತ್ತಿಗೆ ಜೀಪು ಬಂತು, ಹಿಂದೆಯೇ ಆಂಬುಲೆನ್ಸ್. ನಾಗಲಿಂಗಯ್ಯನನ್ನು ಜೀಪಿಗೆ ಹತ್ತಿಸಿದರು. “ಗಂಡಸಾದ್ರೆ ಒಂದೇಟು ಹೊಡ್ಯಲ್ವಾ?” ಎಂದು ಅವನು ಪೇದೆಯನ್ನೇ ಕೇಳುತ್ತಿದ್ದ.

ಸ್ಟ್ರೆಚರ್ ತಂದವರು ಸರೋಜಮ್ಮನನ್ನು ಎತ್ತಿ ಮಲಗಿಸಲು ನೋಡಿದರು. ಆಗಲಿಲ್ಲ. ಮೈ ಬಿಗಿದಿತ್ತು. ಬೆನ್ನು ಊರಿದರೆ ಮಡಿಸಿದ ಮಂಡಿಗಳು ಮೇಲೇಳುತ್ತಿದ್ದವು. ಒಬ್ಬ ಮಂಡಿಯ ಮೇಲೆ ಕೈಯಿಟ್ಟು ಒತ್ತಲು ಹೋದ.

“ಒತ್ತಬ್ಯಾಡ್ರಿ!” ಮಧುಶ್ರೀ ಕಿರುಚಿದಳು. “ಸಾಕು ಮುರಿದಿದ್ದು. ಹಂಗೇ ಕರ್ಕಂಡೋಗ್ರಿ.”

ಹಾಗೆಯೇ ಎತ್ತಿದರು. ಆಂಬುಲೆನ್ಸಿನ ಕಿಟಕಿಯ ಪಕ್ಕದ ಉದ್ದ ಸೀಟಿನ ಮೇಲೆ ಅವಳನ್ನು ಕೂರಿಸಿ, ಒಂದು ಕಡೆ ಮಧುಶ್ರೀ ಆನಿಸಿಕೊಂಡಳು. ಇನ್ನೊಂದು ಕಡೆ ಹಿಡಿಯಲು ಯಾರೂ ಇರಲಿಲ್ಲ. ಪ್ರಭುದೇವ್ ಬಾಗಿಲಲ್ಲೇ ನಿಂತಿದ್ದ. ಭುವನಾ ಅವನ ಮುಖ ನೋಡಿದಳು, ಸೆರಗು ಸೊಂಟಕ್ಕೆ ಸಿಕ್ಕಿಸಿ ವ್ಯಾನು ಹತ್ತಿದಳು.

ದಾರಿ ಹೊಲದಂಚಿನ ರುದ್ರಭೂಮಿಯ ಪಕ್ಕದಲ್ಲೇ ಹೋಗುತ್ತದೆ. ಅಲ್ಲಿ ಬೆಳಗಿನಿಂದ ಗುಂಡಿ ತೋಡಿ ದಣಿದವರು ಕಟ್ಟೆಯ ಮೇಲೆ ಕಾಯುತ್ತಿದ್ದರು. ವ್ಯಾನು ಹತ್ತಿರ ಬಂದಾಗ ಎದ್ದು ನಿಂತರು. ಕಿಟಕಿಯ ಗಾಜಿನ ಹಿಂದೆ ಸರೋಜಮ್ಮ ಇಬ್ಬರು ಹೆಂಗಸರ ನಡುವೆ ನೆಟ್ಟಗೆ ಕೂತು ತಾಲ್ಲೂಕು ಆಸ್ಪತ್ರೆಯ ಕಡೆ ಹೋಗುತ್ತಿದ್ದಳು. ಒಬ್ಬ ತಲೆಗೆ ಸುತ್ತಿದ್ದ ಟವೆಲು ಬಿಚ್ಚಿ ಕೈಯಲ್ಲಿ ಹಿಡಿದುಕೊಂಡ. ಅವರ ಹಿಂದೆ ಗುಂಡಿ ಬಾಯಿ ತೆರೆದು ಹಾಗೇ ಇತ್ತು.